ವಾರಮ್ ಪರ್ಸಿಯ ಹಾಳು ಇಗರ್ಜಿ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಯಾರ್ಕ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಯಾರ್ಕ್‌ಷೈರ್ ವೋಲ್ಡ್ಸ್ ಎಂಬ ಗುಡ್ಡಗಾಡು ಇದೆ. ಗುಡ್ಡಗಾಡು ಎಂದಾಕ್ಷಣ ಘಟ್ಟದ ಶಿಖರಗಳನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ; ಅಲ್ಲಿಯ ಅತ್ಯುನ್ನತ ಸ್ಥಳವೂ ಸಮುದ್ರಮಟ್ಟದಿಂದ 250 ಮೀಟರ್ ಮುಟ್ಟುವುದಿಲ್ಲ. ಆದರೆ ಬೆಟ್ಟದ ಬದುಕಿಗೆ ಎತ್ತರವೊಂದೇ ಲಕ್ಷಣವಲ್ಲ. ತೆಳುವಾದ ಮೇಲ್ಮಣ್ಣು, ಮೇಲೆ ಬಿದ್ದ ಮಳೆ ಮೇಲೆ ನಿಲ್ಲದ ನೆಲ, ಕಣಿವೆಯ ತಳದಲ್ಲಿ ಮಾತ್ರ ಸಿಗುವ ನೀರು, ಪೇಟೆಗೆ ದೂರ, ಒಡೆಯರಿಗೆ ಇನ್ನೂ ದೂರ — ಇವೆಲ್ಲವೂ ಅಲ್ಲಿ ಇವೆ. ಈ ಗುಡ್ಡಗಳ ಪಶ್ಚಿಮದ ಅಂಚಿನ ಒಂದು ಕಣಿವೆಯಲ್ಲಿ, ಸುತ್ತ ಒಂದೂ ಮನೆಯಿಲ್ಲದ ಹುಲ್ಲುಗಾವಲಿನ ನಡುವೆ, ಮಾಡಿಲ್ಲದ ಒಂದು ಕಲ್ಲಿನ ಇಗರ್ಜಿ ನಿಂತಿದೆ. ಅದರ ಗೋಪುರದ ಅರ್ಧ ಭಾಗ ಉರುಳಿಹೋಗಿದೆ, ಉಳಿದರ್ಧ ಆಕಾಶಕ್ಕೆ ತೆರೆದುಕೊಂಡಿದೆ. ಸಂತ ಮಾರ್ಟಿನನ ಹೆಸರಿನ ಈ ಇಗರ್ಜಿ ಇರುವ ಸ್ಥಳಕ್ಕೆ ವಾರಮ್ ಪರ್ಸಿ ಎಂದು ಹೆಸರು. ಇಂದಿನ ಉಪನ್ಯಾಸದ ವಿಷಯ ಈ ಇಗರ್ಜಿಯ ಸಾವಿರ ವರ್ಷಗಳ ಚರಿತ್ರೆ.

ಕನ್ನಡನಾಡಿನ ಕಂದಾಯ ದಾಖಲೆಗಳಲ್ಲಿ ಜನವಸತಿ ಇಲ್ಲದ ಗ್ರಾಮವನ್ನು ‘ಬೇಚರಾಕ್ ಗ್ರಾಮ’ ಎಂದು ಗುರುತಿಸುತ್ತಾರೆ. ‘ಬೇಚಿರಾಗ್’ ಎಂದರೆ ದೀಪವಿಲ್ಲದ್ದು. ಗ್ರಾಮದ ಹೆಸರಿದೆ, ಗಡಿಯಿದೆ, ಸರ್ವೆ ನಂಬರುಗಳಿವೆ; ದೀಪ ಹಚ್ಚುವವರಿಲ್ಲ. ವಾರಮ್ ಪರ್ಸಿ ಅಂಥದೇ ಒಂದು ಊರು. ಅಲ್ಲಿಯ ದೀಪಗಳು ಆರಿ ಐದುನೂರು ವರ್ಷಗಳಾದವು. ಹೀಗೆ ಹಾಳುಬಿದ್ದ ಮಧ್ಯಯುಗದ ಹಳ್ಳಿಗಳು ಇಂಗ್ಲೆಂಡಿನಲ್ಲಿ ಒಂದೆರಡಲ್ಲ, 2000ಕ್ಕೂ ಹೆಚ್ಚು. ಅವುಗಳಲ್ಲಿ ವಾರಮ್ ಪರ್ಸಿಯಷ್ಟು ಕೂಲಂಕಷವಾಗಿ ಅಧ್ಯಯನಕ್ಕೆ ಒಳಗಾದದ್ದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ಈ ಅಧ್ಯಯನಕ್ಕೆ ಕಾರಣನಾದವನು ಪುರಾತತ್ತ್ವಜ್ಞನಲ್ಲ ಎಂಬುದು ಸ್ವಾರಸ್ಯಕರ. ಮಾರಿಸ್ ಬೆರೆಸ್‌ಫರ್ಡ್ ಲೀಡ್ಸ್ ವಿಶ್ವವಿದ್ಯಾನಿಲಯದ ಆರ್ಥಿಕ ಇತಿಹಾಸಕಾರ. ಹಳೆಯ ತೆರಿಗೆ ಪಟ್ಟಿಗಳನ್ನು ಓದುತ್ತಿದ್ದಾಗ, ಪಟ್ಟಿಯಲ್ಲಿದ್ದು ನೆಲದ ಮೇಲಿಲ್ಲದ ಊರುಗಳು ಆತನ ಕುತೂಹಲವನ್ನು ಕೆರಳಿಸಿದವು. ಇಂಥ ಊರುಗಳು ಇಂಗ್ಲೆಂಡಿನಲ್ಲಿ ತೀರ ವಿರಳ ಎಂದು ಹಿರಿಯ ಇತಿಹಾಸಕಾರರು ಬರೆದಿದ್ದ ಕಾಲ ಅದು. 1948ರಲ್ಲಿ ಆತ ವಾರಮ್ ಪರ್ಸಿಗೆ ಬಂದು, ಹುಲ್ಲಿನ ಕೆಳಗೆ ಮನೆಗಳ ತಳಪಾಯವೂ ಊರಬೀದಿಯ ತಗ್ಗೂ ಎದ್ದು ಕಾಣುವುದನ್ನು ಗಮನಿಸಿದ. 1950ರಲ್ಲಿ ಅಗೆತ ಆರಂಭವಾಯಿತು. 1952ರಲ್ಲಿ ಜಾನ್ ಹರ್ಸ್ಟ್ ಎಂಬ ತರಬೇತಾದ ಪುರಾತತ್ತ್ವಜ್ಞ ಜೊತೆಗೂಡಿದ. ಅಲ್ಲಿಂದ 1990ರವರೆಗೆ, ನಲವತ್ತು ವರ್ಷ, ಪ್ರತಿ ಬೇಸಿಗೆಯಲ್ಲಿ ಕೆಲವು ವಾರಗಳ ಕಾಲ ವಿದ್ಯಾರ್ಥಿಗಳೂ ಸ್ವಯಂಸೇವಕರೂ ಅಲ್ಲಿ ಸೇರಿ ಮಣ್ಣನ್ನು ಪದರ ಪದರವಾಗಿ ಬಿಡಿಸಿದರು. ಅಗೆದದ್ದು ಊರಿನ ಒಂದು ಸಣ್ಣ ಅಂಶ ಮಾತ್ರ. ಉಳಿದದ್ದನ್ನು ಮುಂದಿನವರಿಗೆ ಬಿಟ್ಟರು. ಶಾಸ್ತ್ರದಲ್ಲಿ ಇಂಥ ಸಂಯಮ ಅಪರೂಪ.

ಅಗೆಯುವ ಕ್ರಮದಲ್ಲಿಯೂ ಹೊಸತನವಿತ್ತು. ಅದುವರೆಗೆ ಇಂಗ್ಲೆಂಡಿನಲ್ಲಿ ಕಿರಿದಾದ ಕಾಲುವೆಗಳನ್ನು ತೋಡಿ ಗೋಡೆಗಳನ್ನು ಹುಡುಕುವುದು ರೂಢಿಯಾಗಿತ್ತು. ರೈತನ ಮನೆಗೆ ಈ ವಿಧಾನ ಹೊಂದುವುದಿಲ್ಲ. ಅರಮನೆಯ ಗೋಡೆ ಕಾಲುವೆಯಲ್ಲಿ ಕಾಣಿಸುತ್ತದೆ. ಮರದ ಕಂಬದ ಮನೆ ಉಳಿಸಿಹೋಗುವುದು ಮಣ್ಣಿನ ಬಣ್ಣದ ವ್ಯತ್ಯಾಸವನ್ನು ಮಾತ್ರ. ಡೆನ್ಮಾರ್ಕಿನ ಆಕ್ಸೆಲ್ ಸ್ಟೀನ್ಸ್‌ಬರ್ಗ್ ಅನುಸರಿಸಿದ್ದ ಕ್ರಮದಂತೆ ಇಡೀ ಹಿತ್ತಿಲನ್ನೇ ಒಮ್ಮೆಗೆ ತೆರೆದು, ತೆಳುವಾಗಿ ಕೆರೆಯುತ್ತ ಹೋಗುವ ಪದ್ಧತಿ ವಾರಮ್ ಪರ್ಸಿಯಲ್ಲಿ ಬೇರೂರಿತು. ಇಗರ್ಜಿಯ ಒಳಗೂ ಹೊರಗೂ ಅಗೆತ ನಡೆದದ್ದು ಅದರ ಮಾಡು ಬಿದ್ದುಹೋದ ನಂತರ. ಕಟ್ಟಡ ಹಾಳಾದುದರಿಂದಲೇ ಅದರ ಹುಟ್ಟು ತಿಳಿಯಿತು.

ಆ ಹುಟ್ಟು ಬಹಳ ಸರಳವಾದುದು. ಕಲ್ಲಿನ ನೆಲದ ಅಡಿಯಲ್ಲಿ ಕಂಬದ ಗುಂಡಿಗಳು ಸಿಕ್ಕವು. ಅಂದರೆ ಹತ್ತನೆಯ ಶತಮಾನದಲ್ಲಿ ಅಲ್ಲಿದ್ದದ್ದು ಮರದ ಒಂದು ಪುಟ್ಟ ಪ್ರಾರ್ಥನಾಲಯ. ಊರಿನ ಒಡೆಯ ತನ್ನ ಮನೆತನಕ್ಕಾಗಿ ಕಟ್ಟಿಸಿಕೊಂಡದ್ದಿರಬೇಕು. ಹೊರಗಡೆ ಕೆತ್ತನೆಯ ಹಾಸುಗಲ್ಲುಗಳನ್ನು ಮುಚ್ಚಿದ್ದ, ಆ ಕಾಲದ ಕೆಲವು ಗಣ್ಯರ ಸಮಾಧಿಗಳೂ ಸಿಕ್ಕಿವೆ. ಹನ್ನೊಂದನೆಯ ಶತಮಾನದಲ್ಲಿ ಮರ ಹೋಗಿ ಕಲ್ಲು ಬಂತು. ಹನ್ನೆರಡನೆಯ ಶತಮಾನದಲ್ಲಿ ಇನ್ನೂ ದೊಡ್ಡ ಕಟ್ಟಡವೆದ್ದಿತು. ಆ ಶತಮಾನದ ಕೊನೆಗೂ ಅದರ ಮುಂದಿನದರಲ್ಲೂ ನಡುಸಾಲೆಯ ಎರಡು ಪಕ್ಕದ ಗೋಡೆಗಳನ್ನು ಕೊರೆದು ಕಮಾನುಗಳನ್ನು ಕೂರಿಸಿ, ದಕ್ಷಿಣಕ್ಕೂ ಉತ್ತರಕ್ಕೂ ಪಕ್ಕದ ಸಾಲೆಗಳನ್ನು ಸೇರಿಸಿದರು. ಭಕ್ತರ ಸಂಖ್ಯೆ ಹೆಚ್ಚಿತು, ಸ್ಥಳ ಸಾಲದಾಯಿತು, ಮನೆಗೆ ಪಡಸಾಲೆ ಹೊರಡಿಸಿದಂತೆ ಇಗರ್ಜಿಯನ್ನು ಹಿಗ್ಗಿಸಿದರು.

ಮುಂದೆ ಇದೇ ಕಮಾನುಗಳನ್ನು ಮುಚ್ಚಿದರು. ಇಂದು ಅಲ್ಲಿಗೆ ಹೋದವರು ಹೊರಗೋಡೆಯಲ್ಲಿ ಕಮಾನಿನ ರೂಪವನ್ನೂ, ಕಮಾನಿನ ಒಳಗೆ ತುಂಬಿದ ಕಲ್ಲುಗಳನ್ನೂ, ಆ ತುಂಬುಗೋಡೆಯಲ್ಲಿ ಕೂರಿಸಿದ ಕಿಟಕಿಯನ್ನೂ ಒಟ್ಟಿಗೆ ಕಾಣಬಹುದು. ಪಕ್ಕದ ಸಾಲೆಗಳು ಬೇಡವಾದವು, ಕೆಡವಿದರು. ತೆರೆದ ಕಮಾನಿಗೆ ಕಲ್ಲು ಕಟ್ಟಿದರು. ಆಮೇಲೆ ಪೂಜಾವೇದಿಯ ಭಾಗವನ್ನೂ ಮೊಟಕುಗೊಳಿಸಿದರು. ಜನಗಣತಿ ಇಲ್ಲದ ಕಾಲದ ಜನಸಂಖ್ಯೆಯ ಏರಿಳಿತವನ್ನು ಈ ಗೋಡೆಗಳು ತಮ್ಮ ಮೈಮೇಲೆ ಬರೆದುಕೊಂಡಿವೆ. ಇಗರ್ಜಿಯ ಶಿಲ್ಪದಲ್ಲಿ ವಿಶೇಷವಾದ ಸೊಬಗೇನೂ ಇಲ್ಲ. ಅದರ ಬೆಲೆ ಇರುವುದು ಈ ಮುಚ್ಚಿದ ಕಮಾನುಗಳಲ್ಲಿ.

ಹಾಗಾದರೆ ಜನ ಎಲ್ಲಿ ಹೋದರು? ಈ ಪ್ರಶ್ನೆಗೆ ಉತ್ತರಿಸುವ ಮುನ್ನ ಅಲ್ಲಿಯ ಬೇಸಾಯವನ್ನು ಅರ್ಥ ಮಾಡಿಕೊಳ್ಳಬೇಕು. ವೋಲ್ಡ್ಸ್ ಗುಡ್ಡಗಳು ಸೀಮೆಸುಣ್ಣದ ಕಲ್ಲಿನವು. ಮೇಲಿನ ಮಣ್ಣು ತೆಳು, ಸುಣ್ಣಾಂಶ ಹೆಚ್ಚು, ನೀರು ಬೇಗ ಇಂಗಿಹೋಗುತ್ತದೆ. ಗುಡ್ಡದ ಮೇಲೆ ಹೊಳೆಹಳ್ಳಗಳಿಲ್ಲ. ಇಂಗಿದ ನೀರು ಕಣಿವೆಯ ಬುಡದಲ್ಲಿ ಬುಗ್ಗೆಯಾಗಿ ಹೊರಡುತ್ತದೆ. ಊರು ಬುಗ್ಗೆಯ ಮೇಲಿನ ದಿಬ್ಬದಲ್ಲಿ, ಇಗರ್ಜಿ ಬುಗ್ಗೆಗೆ ಹತ್ತಿರ ಕಣಿವೆಯ ತಗ್ಗಿನಲ್ಲಿ, ಹೊಲಗಳು ಬಯಲಾದ ಗುಡ್ಡದ ನೆತ್ತಿಯಲ್ಲಿ. ಇಗರ್ಜಿಯ ದಕ್ಷಿಣಕ್ಕೆ ಮಣ್ಣಿನ ಒಡ್ಡು ಹಾಕಿ ನೀರು ನಿಲ್ಲಿಸಿದ್ದರು. ಮೊದಲು ಅದು ಹಿಟ್ಟಿನ ಗಿರಣಿಯ ಚಕ್ರ ತಿರುಗಿಸಲು, ನಂತರ ಮೀನು ಸಾಕಲು. ಆ ಕೊಳ ಈಗಲೂ ಇದೆ.

ಜವೆ, ಗೋಧಿ, ಓಟ್ಸ್, ಬಟಾಣಿ ಅಲ್ಲಿಯ ಬೆಳೆಗಳು. ಹೊಲಗಳಿಗೆ ನಡುವೆ ಬೇಲಿಯಿರಲಿಲ್ಲ. ಒಂದು ದೊಡ್ಡ ಬಯಲಿನಲ್ಲಿ ಪ್ರತಿಯೊಬ್ಬನಿಗೂ ಉದ್ದನೆಯ ಪಟ್ಟಿಗಳು ಅಲ್ಲಲ್ಲಿ ಹಂಚಿಹೋಗಿದ್ದವು. ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಬರಲೆಂಬ ಏರ್ಪಾಟು. ಭೂಮಿಯನ್ನು ಅಳೆಯುತ್ತಿದ್ದ ಮಾನ ಎತ್ತು: ಒಂದು ಎತ್ತಿನ ಪಾಲಿಗೆ ಬರುವ ನೆಲ ಒಂದು ಆಕ್ಸ್‌ಗ್ಯಾಂಗ್, ಎಂಟು ಎತ್ತಿನ ನೇಗಿಲಿನದು ಒಂದು ಕೆರುಕೇಟ್. 1086ರಲ್ಲಿ ವಿಲಿಯಂ ದೊರೆಯ ಆಜ್ಞೆಯಂತೆ ಸಿದ್ಧವಾದ ಡೂಮ್ಸ್‌ಡೇ ದಾಖಲೆಯಲ್ಲಿ ವಾರಮ್ ಊರಿನ ಹೆಸರೂ ಈ ಲೆಕ್ಕದಲ್ಲಿಯೇ ಬರುತ್ತದೆ. ಎಂಟು ಎತ್ತುಗಳ ಉದ್ದನೆಯ ಸಾಲು ಹೊಲದ ತುದಿಯಲ್ಲಿ ತಿರುಗಲು ದೊಡ್ಡ ಬಳಸು ಬೇಕಾಗುತ್ತಿತ್ತು. ಆದ್ದರಿಂದ ಆ ಕಾಲದ ಉಳುಮೆಯ ಪಟ್ಟಿಗಳು ನೇರವಾಗಿರದೆ, ಎರಡೂ ತುದಿಗಳಲ್ಲಿ ಹಾವಿನಂತೆ ಬಾಗಿವೆ. ಇಂಗ್ಲೆಂಡಿನ ಹಳೆಯ ಹುಲ್ಲುಗಾವಲುಗಳಲ್ಲಿ ಸಂಜೆಯ ಓರೆ ಬಿಸಿಲು ಬಿದ್ದಾಗ ಈ ಏರುತಗ್ಗಿನ ಬಾಗುಗಳು ಇಂದಿಗೂ ಕಾಣುತ್ತವೆ.

ಇಳುವರಿ ಮಾತ್ರ ಬಹಳ ಕಡಿಮೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ಸೇರು ಗೋಧಿ ಬಿತ್ತಿದರೆ ಮೂರು ನಾಲ್ಕು ಸೇರು ಬಂದರೆ ಸಾಧಾರಣ ಫಸಲು. ಅದರಲ್ಲಿ ಒಂದು ಸೇರು ಮುಂದಿನ ಬಿತ್ತನೆಗೆ, ಹತ್ತರಲ್ಲೊಂದು ಪಾಲು ಇಗರ್ಜಿಗೆ, ಒಡೆಯನಿಗೆ ಗೇಣಿ ಮತ್ತು ಬಿಟ್ಟಿ ದುಡಿಮೆ. ಮಣ್ಣಿನ ಸಾರವನ್ನು ಉಳಿಸಿಕೊಳ್ಳಲು ಇದ್ದ ದಾರಿಗಳೆಂದರೆ ನೆಲವನ್ನು ಸರದಿಯಂತೆ ಬೀಳು ಬಿಡುವುದು ಮತ್ತು ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸುವುದು. ಹಗಲು ಗುಡ್ಡದ ಹುಲ್ಲು ಮೇಯ್ದ ಕುರಿ ರಾತ್ರಿ ಹೊಲದಲ್ಲಿ ಗೊಬ್ಬರ ಚೆಲ್ಲುತ್ತಿತ್ತು. ಅಂದರೆ ಗುಡ್ಡದ ಸಾರ ಕುರಿಯ ಹೊಟ್ಟೆಯ ಮೂಲಕ ಹೊಲಕ್ಕೆ ಬರುತ್ತಿತ್ತು. ಕನ್ನಡನಾಡಿನ ಬಯಲುಸೀಮೆಯ ರೈತರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದುದು, ಕುರಿ ಮೊದಲಿನಿಂದಲೂ ಊರಿನ ವೈರಿಯಾಗಿರಲಿಲ್ಲ; ನೇಗಿಲಿನ ಆಳಾಗಿತ್ತು.

ಹದಿಮೂರನೆಯ ಶತಮಾನದ ಮಧ್ಯದ ಹೊತ್ತಿಗೆ ಊರಿನ ಒಡೆತನ ಪರ್ಸಿ ಎಂಬ ಮನೆತನಕ್ಕೆ ಪೂರ್ಣವಾಗಿ ಬಂದಿತ್ತು. ಊರಿನ ಹೆಸರಿನ ಉತ್ತರಾರ್ಧ ಅವರದೇ. ಅದಕ್ಕೂ ಮೊದಲು ಚೇಂಬರ್ಲೇನ್ ಎಂಬ ಮತ್ತೊಂದು ಮನೆತನದ ಪಾಲಿತ್ತು. ಹೀಗಾಗಿ ಊರಿನಲ್ಲಿ ಎರಡು ಒಡೆಯರ ಮನೆಗಳ ಕುರುಹುಗಳಿವೆ. ಇಗರ್ಜಿ ಅತ್ಯಂತ ದೊಡ್ಡದಾಗಿದ್ದದ್ದು ಸುಮಾರು ಇದೇ ಕಾಲದಲ್ಲಿ.

ಹದಿನಾಲ್ಕನೆಯ ಶತಮಾನ ಕೇಡುಗಳ ಸರಣಿಯನ್ನೇ ತಂದಿತು. 1315ರಿಂದ 1317ರವರೆಗೆ ಯುರೋಪಿನ ಉತ್ತರ ಭಾಗದಲ್ಲೆಲ್ಲ ಬಿಡದೆ ಮಳೆ ಸುರಿದು, ಬೆಳೆ ಕೊಳೆತು, ಮಹಾಕ್ಷಾಮ ಬಂತು. ಅದರ ಬೆನ್ನಿಗೇ ದನಗಳಿಗೆ ರೋಗ ತಗುಲಿ ಎತ್ತುಗಳು ಸತ್ತವು. ಎಂಟೆತ್ತಿನ ನೇಗಿಲಿನ ಊರಿಗೆ ಅದು ಎಂಥ ಪೆಟ್ಟು ಎಂಬುದನ್ನು ಊಹಿಸಬಹುದು. 1322ರಲ್ಲಿ ಸ್ಕಾಟ್ಲೆಂಡಿನ ಸೈನ್ಯ ಯಾರ್ಕ್‌ಷೈರನ್ನು ಕೊಳ್ಳೆಹೊಡೆಯಿತು. 1323ರ ಒಂದು ವಿಚಾರಣಾ ದಾಖಲೆಯಲ್ಲಿ, ವಾರಮ್ ಪರ್ಸಿಯ ಒಡೆಯನ ಉಳುಮೆಯ ನೆಲದ ದೊಡ್ಡ ಪಾಲು ಬೀಳು ಬಿದ್ದಿದೆ, ಗಿರಣಿಗಳು ಹಾಳಾಗಿವೆ ಎಂಬ ಉಲ್ಲೇಖವಿದೆ. 1349ರಲ್ಲಿ ಪ್ಲೇಗು ಬಂತು. ಇಂಗ್ಲೆಂಡಿನ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿಯನ್ನು ಅದು ಬಲಿತೆಗೆದುಕೊಂಡಿತು.

ಊರು ಹಾಳಾದದ್ದು ಪ್ಲೇಗಿನಿಂದ ಎಂಬ ಮಾತು ಇಂದಿಗೂ ಇಂಗ್ಲೆಂಡಿನಲ್ಲಿ ಚಾಲ್ತಿಯಲ್ಲಿದೆ. ಯಾವುದೇ ಹಾಳೂರಿನ ಬಗ್ಗೆ ವಿಚಾರಿಸಿದರೂ ಈ ಉತ್ತರ ಸಿದ್ಧವಾಗಿರುತ್ತದೆ. ಮಾರಿಬೇನೆ ಬಂತು, ಜನ ಸತ್ತರು, ಊರು ಹೋಯಿತು — ಯಾರ ಮೇಲೂ ಹೊಣೆ ಬೀಳದಂಥ ಉತ್ತರ. ಬೆರೆಸ್‌ಫರ್ಡನ ದೊಡ್ಡ ಕೆಲಸವೆಂದರೆ ಈ ಉತ್ತರ ಸುಳ್ಳೆಂದು ತೆರಿಗೆಯ ಪಟ್ಟಿಗಳಿಂದಲೇ ತೋರಿಸಿದ್ದು. 1954ರಲ್ಲಿ ಪ್ರಕಟವಾದ ಆತನ ‘ದಿ ಲಾಸ್ಟ್ ವಿಲೇಜಸ್ ಆಫ್ ಇಂಗ್ಲೆಂಡ್’ ಗ್ರಂಥದ ತಿರುಳು ಇದು: ಬಹುಪಾಲು ಹಳ್ಳಿಗಳು ಪ್ಲೇಗಿನ ನಂತರವೂ ಬದುಕಿದ್ದವು, ಅವು ಬರಿದಾದದ್ದು ಸುಮಾರು ನೂರು ವರ್ಷಗಳ ಆಮೇಲೆ, 1450ರಿಂದ 1520ರ ನಡುವೆ. ವಾರಮ್ ಪರ್ಸಿಯ ದಾಖಲೆಗಳೂ ಇದನ್ನೇ ಹೇಳುತ್ತವೆ. ಪ್ಲೇಗು ಕಳೆದು ಎರಡು ದಶಕವಾಗುತ್ತ ಬಂದಿದ್ದ 1368ರಲ್ಲಿ ಅಲ್ಲಿ ಇನ್ನೂ ಸುಮಾರು 30 ಮನೆಗಳಲ್ಲಿ ಜನರಿದ್ದರು. 1458ರ ಹೊತ್ತಿಗೆ ಸುಮಾರು 16.

ಪ್ಲೇಗು ಮಾಡಿದ್ದು ಬೇರೆಯೇ ಒಂದು ಕೆಲಸ. ಜನ ಕಡಿಮೆಯಾದುದರಿಂದ ಕೂಲಿ ಏರಿತು. ತಿನ್ನುವ ಬಾಯಿ ಕಡಿಮೆಯಾದುದರಿಂದ ಧಾನ್ಯದ ಬೆಲೆ ಇಳಿಯಿತು. ತಗ್ಗಿನ ಒಳ್ಳೆಯ ಮಣ್ಣಿನ ಊರುಗಳಲ್ಲಿ ಗೇಣಿದಾರರಿಲ್ಲದೆ ಜಮೀನು ಖಾಲಿ ಬಿದ್ದಿತ್ತು. ಅಲ್ಲಿಯ ಒಡೆಯರು ಕಡಿಮೆ ಗೇಣಿಗೆ ಕರೆಯುತ್ತಿದ್ದರು. ಗುಡ್ಡದ ತೆಳು ಮಣ್ಣನ್ನು ಬಿಟ್ಟು ಕೆಲವರು ತಾವಾಗಿಯೇ ಇಳಿದುಹೋದರು ಎಂಬುದರಲ್ಲಿ ಸಂದೇಹವಿಲ್ಲ. ಇತ್ತ ಉಣ್ಣೆಗೂ ಉಣ್ಣೆಬಟ್ಟೆಗೂ ಬೇಡಿಕೆ ಇತ್ತು. ಉಳುವುದಕ್ಕೆ ಹತ್ತಾರು ಕೈಗಳು ಬೇಕು. ಕುರಿ ಕಾಯಲು ಒಬ್ಬ ಕುರುಬ, ಒಂದು ನಾಯಿ ಸಾಕು. ಒಡೆಯನ ಲೆಕ್ಕಪುಸ್ತಕದಲ್ಲಿ ಈ ಹೋಲಿಕೆ ಒಂದೇ ಸಾಲಿನದು.

ಹದಿನೈದನೆಯ ಶತಮಾನದ ಆರಂಭದಲ್ಲಿ ಪರ್ಸಿಗಳು ಈ ಊರನ್ನು ಹಿಲ್ಟನ್ ಎಂಬ ಮನೆತನಕ್ಕೆ ಬಿಟ್ಟುಕೊಟ್ಟಿದ್ದರು. ಹಿಲ್ಟನ್ನರ ಕೋಟೆ ಇದ್ದದ್ದು ಬಹಳ ಉತ್ತರಕ್ಕೆ, ಸಂಡರ್ಲೆಂಡಿನ ಬಳಿ. ಊರಿನಲ್ಲಿ ಇದ್ದು ಮುಖ ನೋಡಿ ಮಾತಾಡುವ ಒಡೆಯ ಹೋಗಿ, ವರಮಾನವನ್ನು ಮಾತ್ರ ನೋಡುವ ಒಡೆಯ ಬಂದ. 1500ರ ಆಸುಪಾಸಿನಲ್ಲಿ ಉಳಿದಿದ್ದ ಕೊನೆಯ ನಾಲ್ಕು ಕುಟುಂಬಗಳನ್ನು ಹಿಲ್ಟನ್ ಒಕ್ಕಲೆಬ್ಬಿಸಿದ. ಮನೆಗಳನ್ನು ಕೆಡವಲಾಯಿತು, ನೇಗಿಲುಗಳು ನಿಂತವು, ಹೊಲಗಳೆಲ್ಲ ಕುರಿಯ ಹುಲ್ಲುಗಾವಲಾದವು. ಈ ಸಂಗತಿ ಉಳಿದುಬಂದದ್ದು 1517ರಲ್ಲಿ ವೂಲ್ಸಿಯ ಆಡಳಿತ ನೇಮಿಸಿದ ವಿಚಾರಣಾ ಆಯೋಗದ ದಾಖಲೆಯಿಂದ. ಊರುಗಳನ್ನು ಕೆಡವುವುದನ್ನು ತಡೆಯಲು 1489ರಲ್ಲಿಯೇ ಒಂದು ಶಾಸನ ಬಂದಿತ್ತು. ಶಾಸನ ಬಂದ ಮೇಲೂ ಊರುಗಳು ಹೋದವು. ಆಯೋಗ ಬಂದು ಬರೆದುಕೊಂಡದ್ದು ಹೋದ ಊರುಗಳ ಪಟ್ಟಿಯನ್ನು. ವಾರಮ್ ಪರ್ಸಿಗೆ ಯಾರೂ ಮರಳಿ ಬರಲಿಲ್ಲ. 1516ರಲ್ಲಿ ಥಾಮಸ್ ಮೋರ್ ತನ್ನ ‘ಯುಟೋಪಿಯ’ ಗ್ರಂಥದಲ್ಲಿ, ಸಾಧುಪ್ರಾಣಿಯಾದ ಕುರಿ ಹೇಗೆ ಮನುಷ್ಯರನ್ನೇ ನುಂಗುವ ಪ್ರಾಣಿಯಾಯಿತು ಎಂದು ಕಟಕಿಯಾಡಿದ್ದು ಇದೇ ಸಂದರ್ಭದಲ್ಲಿ. ಕಟಕಿ ಕುರಿಯ ಮೇಲಲ್ಲವೆಂಬುದು ಓದಿದವರಿಗೆಲ್ಲ ತಿಳಿದಿತ್ತು.

ನಾಲ್ಕು ಕುಟುಂಬ ಎಂದರೆ ಅಲ್ಪವೆಂದು ಕೆಲವು ವಿದ್ವಾಂಸರು ವಾದಿಸುವುದುಂಟು: ಊರು ಆಗಲೇ ಸೊರಗಿತ್ತು, ಒಡೆಯ ಕೊನೆಯ ಗಳಿಗೆಯಲ್ಲಿ ಬಾಗಿಲು ಹಾಕಿದ ಅಷ್ಟೆ ಎಂದು. ಈ ವಾದದಲ್ಲಿ ಹುರುಳಿದೆ. ಹಿಂದಿನ ನೂರೈವತ್ತು ವರ್ಷಗಳ ಸೊರಗು ನಿಜ. ಆದರೆ ನಾಲ್ಕು ನೇಗಿಲುಗಳು ನಡೆಯುತ್ತಿದ್ದ ಊರು ಸತ್ತ ಊರಲ್ಲ. ನಾಲ್ಕು ಮನೆಗಳಿಂದ ಮತ್ತೆ ಬೆಳೆದ ಹಳ್ಳಿಗಳು ಎಲ್ಲ ದೇಶಗಳಲ್ಲೂ ಇವೆ. ಸೊರಗಿದ್ದನ್ನೂ ಕೊನೆಗಾಣಿಸಿದ್ದನ್ನೂ ಒಂದೇ ಎನ್ನಲಾಗದು.

ಇಲ್ಲಿ ಮತ್ತೊಂದು ತಪ್ಪು ಕಲ್ಪನೆಯನ್ನೂ ನಿವಾರಿಸಬೇಕು. ಅಗೆತದ ಮೊದಲ ದಶಕಗಳಲ್ಲಿ ರೈತರ ಮನೆಗಳ ತಳಪಾಯ ಬಹಳ ದುರ್ಬಲವಾಗಿ ಕಂಡಿತು. ಸೀಮೆಸುಣ್ಣದ ಗಿಡ್ಡ ಗೋಡೆಗಳು ಒಂದರ ಮೇಲೊಂದು ಓರೆಕೋರೆಯಾಗಿ ಬಿದ್ದಿದ್ದವು. ಇವರು ಜೋಪಡಿಗಳಲ್ಲಿ ಬದುಕಿ ತಲೆಮಾರಿಗೊಮ್ಮೆ ಹೊಸದು ಕಟ್ಟಿಕೊಳ್ಳುತ್ತಿದ್ದರು ಎಂದು ತೀರ್ಮಾನಿಸಲಾಯಿತು. 1980ರ ದಶಕದ ಕೊನೆಗೆ ಸ್ಟುವರ್ಟ್ ರಾತ್‌ಮೆಲ್ ಇದನ್ನು ಮರುಪರಿಶೀಲಿಸಿದ. ಮಾಡಿನ ಭಾರ ಗೋಡೆಯ ಮೇಲಿರಲೇ ಇಲ್ಲ, ಬಾಗಿದ ದೊಡ್ಡ ಮರದ ಜೋಡಿ ತೊಲೆಗಳ ಮೇಲಿತ್ತು. ಗೋಡೆ ಗಾಳಿ ತಡೆಯುವ ಮರೆ ಮಾತ್ರ, ಅದನ್ನು ಆಗಾಗ ಬದಲಾಯಿಸುತ್ತಿದ್ದರು. ಮನೆ ನೂರಾರು ವರ್ಷ ನಿಲ್ಲುವಂಥದು ಎಂದು ಆತ ತೋರಿಸಿದ. ಅವಶೇಷ ಉಳಿಯದಿದ್ದರೆ ಬದುಕೇ ಹೀನವಾಗಿತ್ತೆಂದು ಭಾವಿಸುವುದು ಶಾಸ್ತ್ರಜ್ಞರ ಹಳೆಯ ದೌರ್ಬಲ್ಯ. ಮಣ್ಣಿನ ಗೋಡೆ, ಮರದ ಕಂಬದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಸತ್ಯ ತಿಳಿಯಲು ನಲವತ್ತು ವರ್ಷ ಬೇಕಾಗುತ್ತಿರಲಿಲ್ಲ.

ಊರಿನ ಜನರೇ ಮಾತನಾಡುವುದು ಇಗರ್ಜಿಯ ಅಂಗಳದಲ್ಲಿ. ಅಲ್ಲಿ 680ಕ್ಕೂ ಹೆಚ್ಚು ಮಂದಿಯ ಅಸ್ಥಿಪಂಜರಗಳನ್ನು ಹೊರತೆಗೆದು ಅಧ್ಯಯನ ಮಾಡಲಾಗಿದೆ. ಮಧ್ಯಯುಗದ ಬಡರೈತರ ಬಗ್ಗೆ ಇಷ್ಟು ವಿವರವಾದ ಸಾಕ್ಷ್ಯ ದೊರೆಯುವುದು ಅಪೂರ್ವ. ಮೂಳೆಯಲ್ಲಿರುವ ಸಾರಜನಕದ ಬಗೆಗಳನ್ನು ಅಳೆದು, ತಾಯಂದಿರು ಮಕ್ಕಳಿಗೆ ಸುಮಾರು ಒಂದೂವರೆ ವರ್ಷದವರೆಗೆ ಎದೆಹಾಲು ಕೊಡುತ್ತಿದ್ದರೆಂದು ತಿಳಿಯಲಾಗಿದೆ. ಅದರಿಂದ ಹಸುಗೂಸುಗಳು ಒಂದು ಮಟ್ಟಿಗೆ ಚೆನ್ನಾಗಿಯೇ ಬೆಳೆದಿವೆ; ಹಾಲು ಬಿಟ್ಟ ನಂತರ ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಕ್ಷಯದ ಗುರುತಿದ್ದ ಒಂಬತ್ತು ಅಸ್ಥಿಪಂಜರಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ದನಗಳ ಜೊತೆ ಬಾಳಿದ ಜನರಾದುದರಿಂದ ದನದ ಕ್ಷಯವೇ ಇರಬೇಕೆಂಬ ನಿರೀಕ್ಷೆಯಿತ್ತು. ದೊರೆತದ್ದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕ್ಷಯದ ರೋಗಾಣು. ಮತ್ತೊಬ್ಬ ನಡುವಯಸ್ಸಿನ ಗಂಡಸಿನ ತಲೆಬುರುಡೆಗೆ ಬಲವಾದ ಪೆಟ್ಟು ಬಿದ್ದಿತ್ತು. ಯಾರೋ ಬುರುಡೆಯ ತುಣುಕನ್ನು ಕೆರೆದು ತೆಗೆದು ಚಿಕಿತ್ಸೆ ಮಾಡಿದ್ದಾರೆ. ಮೂಳೆ ಮತ್ತೆ ಕೂಡಿಕೊಂಡಿದೆ, ಆತ ಬದುಕಿದ್ದಾನೆ. ಸುಮಾರು ಸಾವಿರ ವರ್ಷಗಳ ಹಿಂದಿನ ಆ ನಾಟಿವೈದ್ಯ ಯಾರೆಂಬುದು ಯಾವ ದಾಖಲೆಯಲ್ಲೂ ಇಲ್ಲ.

ಇಗರ್ಜಿಯ ಅಂಗಳದ ಹೊರಗೆ, ಮನೆಗಳ ನಡುವಿನ ಗುಂಡಿಗಳಲ್ಲಿ ಸಿಕ್ಕ 137 ಮೂಳೆಗಳ ಕಥೆ ಬೇರೆ. ಕನಿಷ್ಠ ಹತ್ತು ಮಂದಿಯ ಮೂಳೆಗಳವು, ಮಕ್ಕಳದೂ ಇವೆ. ಹಲವು ಮೂಳೆಗಳಲ್ಲಿ ಕತ್ತಿಯ ಗೀರುಗಳಿವೆ, ಸುಟ್ಟ ಗುರುತುಗಳಿವೆ. 2017ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಮೂರು ಸಾಧ್ಯತೆಗಳನ್ನು ತೂಗಿನೋಡಿದರು. ಹೊರಗಿನವರನ್ನು ಕೊಂದು ಎಸೆದಿರಬಹುದೇ? ಹಲ್ಲಿನಲ್ಲಿರುವ ಸ್ಟ್ರಾನ್ಷಿಯಂ ಲೆಕ್ಕ ಇವರು ಆ ಸುತ್ತಿನಲ್ಲೇ ಬೆಳೆದವರೆಂದು ಹೇಳಿತು. ಕ್ಷಾಮದಲ್ಲಿ ಮನುಷ್ಯಮಾಂಸ ತಿಂದಿರಬಹುದೇ? ಹಾಗಿದ್ದರೆ ಗೀರುಗಳು ಮಾಂಸಖಂಡಗಳು ಅಂಟುವ ಜಾಗದಲ್ಲಿರಬೇಕು; ಇಲ್ಲಿ ಹೆಚ್ಚಿನವು ತಲೆ, ಕುತ್ತಿಗೆಗಳ ಬಳಿ. ಉಳಿದ ಊಹೆಯೆಂದರೆ, ಸತ್ತವರು ಎದ್ದುಬಂದು ಕಾಡದಂತೆ ಹೆಣವನ್ನು ಕಡಿದು ಸುಟ್ಟಿರಬೇಕು ಎಂಬುದು. ಸಂಶೋಧಕರು ಇದನ್ನು ಹೆಚ್ಚು ಸಂಭವನೀಯವೆಂದರೇ ಹೊರತು ಸಿದ್ಧವಾಯಿತೆಂದು ಹೇಳಲಿಲ್ಲ. ಪತ್ರಿಕೆಗಳು ಮಾತ್ರ ಪಿಶಾಚಿಗಳ ಊರು ಸಿಕ್ಕಿತೆಂದು ಬರೆದು ಸಂತೋಷಪಟ್ಟವು.

ಈಗ ಒಂದು ಪ್ರಶ್ನೆ ಉಳಿಯಿತು. ಊರು 1500ರ ಹೊತ್ತಿಗೇ ಬರಿದಾದರೆ, ಇಗರ್ಜಿ ಇಪ್ಪತ್ತನೆಯ ಶತಮಾನದವರೆಗೆ ಹೇಗೆ ಉಳಿಯಿತು? ಸಂತ ಮಾರ್ಟಿನನ ಇಗರ್ಜಿ ಒಂದೇ ಊರಿನದಾಗಿರಲಿಲ್ಲ. ಥಿಕ್ಸೆಂಡೇಲ್, ರೇಸ್‌ಥಾರ್ಪ್, ಬರ್ಡೇಲ್, ಟೌಥಾರ್ಪ್ ಎಂಬ ಸುತ್ತಲಿನ ಊರುಗಳೂ ಅದರ ಒಕ್ಕಲಿಗೆ ಸೇರಿದ್ದವು. ಇವುಗಳಲ್ಲಿಯೂ ಕೆಲವು ಕ್ರಮೇಣ ಕುಗ್ಗಿಹೋದವು. ಥಿಕ್ಸೆಂಡೇಲ್ ಉಳಿಯಿತು. ಅಲ್ಲಿಯ ಜನ ಗುಡ್ಡ ದಾಟಿ, ಹಾಳು ಮನೆಗಳ ನಡುವಿನ ಕಾಲುದಾರಿಯಲ್ಲಿ ನಡೆದು ಬಂದು ಪೂಜೆಗೆ ನಿಲ್ಲುತ್ತಿದ್ದರು. ಹೆಣ ಹೊತ್ತು ತಂದು ಇಲ್ಲಿಯೇ ಮಣ್ಣು ಮಾಡುತ್ತಿದ್ದರು. 1553ರಲ್ಲಿ ಪಾದ್ರಿಯ ಮನೆ ಸುಟ್ಟುಹೋಯಿತು. ನೇಗಿಲು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗುಡ್ಡಗಳಿಗೆ ಮರಳಿತು. ಸ್ಲೆಡ್‌ಮಿಯರಿನ ಸೈಕ್ಸ್ ಮನೆತನದಂಥ ಭೂಮಾಲೀಕರು ಹುಲ್ಲುಗಾವಲುಗಳನ್ನು ಒಡೆದು, ಜೀವಂತ ಬೇಲಿ ನೆಟ್ಟು, ಟರ್ನಿಪ್ ಗೆಡ್ಡೆಯ ಸರದಿ ಬೇಸಾಯ ತಂದರು. ಬೇಸಾಯ ಬಂತು, ಹಳ್ಳಿ ಬರಲಿಲ್ಲ. ಇಡೀ ಊರಿದ್ದ ಜಾಗದಲ್ಲಿ ಒಂದು ತೋಟದ ಮನೆ, ಆಮೇಲೆ ಕೂಲಿಗಳ ಒಂದು ಸಾಲುಮನೆ, ಅಷ್ಟೆ.

1870ರಲ್ಲಿ ಥಿಕ್ಸೆಂಡೇಲಿಗೇ ಹೊಸ ಇಗರ್ಜಿಯಾಯಿತು. ಸೈಕ್ಸ್ ಮನೆತನದ ಸರ್ ಟ್ಯಾಟನ್ ಅದನ್ನು ಕಟ್ಟಿಸಿದ. ಗುಡ್ಡ ದಾಟಿ ಬರುವವರು ನಿಂತರು. ಹಳೆಯ ಇಗರ್ಜಿ ಅಲ್ಲೊಂದು ಇಲ್ಲೊಂದು ಪೂಜೆಯೊಡನೆ ಇನ್ನೂ ಎಂಬತ್ತು ವರ್ಷ ಎಳೆಯಿತು. ಕೊನೆಯ ಆರಾಧನೆ ನಡೆದದ್ದು 1949ರಲ್ಲಿ ಎನ್ನುತ್ತಾರೆ. ಅಂದರೆ ಬೆರೆಸ್‌ಫರ್ಡ್ ಬಂದು ಹೋದ ಮರುವರ್ಷ. ಮಾಡಿಗೆ ಹೊದಿಸಿದ್ದ ಸೀಸದ ತಗಡನ್ನು ಕಳ್ಳರು ಕಿತ್ತು ಒಯ್ದರು. ಸೀಸ ಹೋದ ಮೇಲೆ ಮಳೆ ಒಳಗಿಳಿಯಿತು, ತೊಲೆಗಳು ಕೊಳೆತವು. 1959ರಲ್ಲಿ ಗೋಪುರದ ಪಶ್ಚಿಮದ ಪಾರ್ಶ್ವ ಕುಸಿಯಿತು. ಪ್ಲೇಗು, ಒಕ್ಕಲೆಬ್ಬಿಸುವಿಕೆ, ನಾಲ್ಕು ಶತಮಾನಗಳ ನಿರ್ಜನತೆ, ಎಲ್ಲವನ್ನೂ ತಾಳಿಕೊಂಡ ಕಟ್ಟಡ, ಮಾಡು ತೆರೆದ ಹತ್ತೇ ವರ್ಷದಲ್ಲಿ ಬಿತ್ತು.

ಈಗ ಇದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಪಾಲನೆಯಲ್ಲಿದೆ. ವಾಹನ ನಿಲ್ಲಿಸುವ ಜಾಗದಿಂದ ಒಂದು ಕಿಲೋಮೀಟರಿಗೂ ಹೆಚ್ಚು ನಡೆದೇ ಹೋಗಬೇಕು. ‘ಯಾರ್ಕ್‌ಷೈರ್ ವೋಲ್ಡ್ಸ್ ವೇ’ ಎಂಬ ದೀರ್ಘ ಕಾಲುದಾರಿಯೂ ಇಲ್ಲಿಯೇ ಹಾಯ್ದುಹೋಗುತ್ತದೆ. ದಿಬ್ಬದ ಮೇಲೆ ಮನೆಗಳ ತಳಪಾಯಗಳು ಹುಲ್ಲಿನಡಿ ಚೌಕ ಚೌಕವಾಗಿ ಕಾಣುತ್ತವೆ. ಪ್ರತಿ ಮನೆಯ ಹಿಂದೆ ಹಿತ್ತಿಲಿನ ಗಡಿಯ ಬದು ಇದೆ. ಹುಲ್ಲು ಬೆಳೆದುಹೋದರೆ ಈ ಗುರುತುಗಳು ಮುಚ್ಚಿಹೋಗುತ್ತವೆ; ಗಿಡಗಂಟಿ ಬೇರಿಳಿಸಿದರೆ ಕೆಳಗಿನ ಪದರಗಳು ಕೆಡುತ್ತವೆ. ಅದಕ್ಕಾಗಿ ಅಲ್ಲಿ ಇಂದಿಗೂ ದನಕುರಿಗಳನ್ನು ಮೇಯಲು ಬಿಡುತ್ತಾರೆ.